ಶ್ರೀಶೈಲಕ್ಕೆಂದು ಕೊಟ್ಟ ಖಣ

ಅಂಡಮಾನಿಗೆ ಯಾವ ತಿಂಗಳಲ್ಲಿ ಹೋದರೆ ಒಳ್ಳೆಯದು ಎಂದು ಕೇಳಿದ್ದೇ ತಪ್ಪಾಯಿತು. ಶಿರಸಿಯ ಟ್ರಾವೆಲ್ಸ್‌ನವನು ಪುರಾಣ ಶುರುಮಾಡಿದ. ಅಲ್ಲಿಯ ಮಳೆ ನಮ್ಮ ಮಳೆಯ ಹಾಗಲ್ಲವಂತೆ, ದೀಪಾವಳಿ ದಾಟಿದರೂ ಬಿಡುವುದಿಲ್ಲವಂತೆ. ಡಿಸೆಂಬರಿನಲ್ಲಿ ಕಾಲಿಡಲಾಗದಷ್ಟು ಜನ. ಚಳಿ ಹೋದ ಮೇಲೆ ಹೋದರೆ ಸಮುದ್ರ ಶಾಂತ, ದೋಣಿಯಲ್ಲಿ ಕೂತೇ ತಳದ ಹವಳ ನೋಡಬಹುದು. ನಾನು ಎಲ್ಲಕ್ಕೂ ಹೂಂಗುಟ್ಟಿದೆ. ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆಯೇ: ಬೀದಿಯವರಿಗೆ ಏನು ಹೇಳಿ ಹೊರಡುವುದು?

ಯಜಮಾನರು ತೀರಿಕೊಂಡ ಮೇಲೆ ಕಿರಾಣಿ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಧಾರವಾಡದಲ್ಲಿ ಜೊತೆಗೆ ಓದಿದ ಗೆಳತಿಯರಿಬ್ಬರು ಅಂಡಮಾನಿಗೆ ಬಾ ಎಂದು ಗಂಟುಬಿದ್ದಿದ್ದರು. ಸಮುದ್ರವೇನು ನಮಗೆ ಅಪರೂಪವಲ್ಲ, ಘಟ್ಟ ಇಳಿದರೆ ಕುಮಟಾ. ಗೋಕರ್ಣಕ್ಕೆ ಹೋದರೆ ಯಾರೂ ಏನೂ ಅನ್ನುವುದಿಲ್ಲ, ಅಲ್ಲಿ ದೇವರಿದ್ದಾನೆ. ದೇವರಿಲ್ಲದ ಕಡಲು ನೋಡಲು ಗಂಡ ಸತ್ತವಳು ವಿಮಾನ ಹತ್ತಿದಳೆಂದರೆ ನಮ್ಮ ಬೀದಿಗೆ ಮುಂದಿನ ಮಳೆಗಾಲದವರೆಗೆ ಮಾತಿಗೆ ಬರವಿಲ್ಲ.

ಅದಕ್ಕೇ ಯುಗಾದಿಯನ್ನು ಆರಿಸಿದೆ. ಬನವಾಸಿ ಕಡೆಯ ನಮ್ಮ ಜನ ಆ ಹೊತ್ತಿಗೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಹೋಗುತ್ತಾರೆ. ನಾನೂ ಹೊರಟೆ ಅಂದರೆ ಮುಗಿಯಿತು. ಸರಿಯಾದ ಕಾಲವನ್ನೇ ಹಿಡಿದಿರಿ ಎಂದು ಟ್ರಾವೆಲ್ಸ್‌ನವನು ಹೊಗಳಿದ. ಅದು ನನ್ನ ನೆಪಕ್ಕೆ ಹೊಂದುವ ಕಾಲವೆಂದು ಅವನಿಗೇನು ಗೊತ್ತು.

ಹೊರಡುವ ಹಿಂದಿನ ದಿನ ಎದುರುಮನೆಯ ಆಯಿ ಗೋಡೆ ಹಿಡಿದುಕೊಂಡು ಬಂದರು. ನನ್ನ ದುಃಖದ ದಿನಗಳಲ್ಲಿ ರೊಟ್ಟಿ ಬಡಿದು ತಂದು, ಎದುರಿಗೆ ಕೂತು ಉಣ್ಣಿಸಿದವರು. ಸೆರಗಿನಡಿಯಿಂದ ಹಸಿರು ರವಿಕೆ ಖಣವೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು.

“ಅಮ್ಮನವರಿಗೆ ಉಡಿ ತುಂಬಿ ಬಾ ತಂಗಿ. ಈ ಮೊಣಕಾಲ ಕಟ್ಕೊಂಡು ನನಗ ಆ ಗುಡ್ಡ ಆಗೂದಿಲ್ಲ.”

ಯಜಮಾನರು ಹೋದಂದಿನಿಂದ ಖಣ, ಕುಂಕುಮದ ಕೆಲಸಕ್ಕೆ ಬೀದಿಯ ಯಾರೂ ನನ್ನನ್ನು ಕರೆದಿರಲಿಲ್ಲ. ಆಯಿ ತಮ್ಮ ಹರಕೆಯನ್ನೇ ನನ್ನ ಕೈಗೆ ಕೊಟ್ಟಿದ್ದರು. ಆಗಲಾದರೂ ನಿಜ ಹೇಳಬೇಕಿತ್ತು. ಖಣ ಬ್ಯಾಗಿಗೆ ಹೋಯಿತು.

ದ್ವೀಪ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಸೊಂಟದವರೆಗೆ ನೀರಿಗಿಳಿದು ಹುಡುಗಿಯರ ಹಾಗೆ ಕಿರುಚಿದೆವು. ಸಂಜೆ ಬ್ಯಾಗು ತೆಗೆದು ನೋಡಿದರೆ, ಉಸುಕು ಮೆತ್ತಿದ ನನ್ನ ಚಪ್ಪಲಿ ಆಯಿಯ ಖಣದ ಮೇಲೆಯೇ ಕೂತಿತ್ತು. ನಾನೇ ಅವಸರದಲ್ಲಿ ತುರುಕಿದ್ದೆ. ಖಣವನ್ನು ಕೊಡವಿ ಮಡಚಿಟ್ಟೆ. ಮಾರನೆಯ ದಿನ ಹವಳ ನೋಡಲು ಹೋದಾಗಲೂ ಕಣ್ಣೆದುರು ಅದೇ ಹಸಿರು.

ಯಾತ್ರೆ ಮುಗಿಸಿ ಬಂದವರ ಪಾದಕ್ಕೆ ನೀರು ಹಾಕಿ ನಮಸ್ಕರಿಸುವುದು ನಮ್ಮಲ್ಲಿ ಪದ್ಧತಿ. ಅದನ್ನು ಹೇಗೆ ಮರೆತಿದ್ದೆನೋ. ನಾನು ಕಟ್ಟೆಯ ಮೇಲೆ ಬ್ಯಾಗು ಇಳಿಸುವಷ್ಟರಲ್ಲಿ ಆಯಿ ತಂಬಿಗೆ ಹಿಡಿದು ಬಂದರು. ಕಾಲು ಹಿಂದಕ್ಕೆಳೆದುಕೊಂಡೆ. ಸಂಕೋಚವೆಂದು ತಿಳಿದು ಆಯಿ ನಕ್ಕರು. ಆ ಮೊಣಕಾಲನ್ನು ಮಡಚಿ, ನರಳುತ್ತ ಕೂತು, ನೀರು ಹಾಕಿ, ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಖಣ ಮುಟ್ಟಿತೇ ಎಂದು ಕೇಳಿದರು. ಅಮ್ಮನವರ ಪಾದಕ್ಕೆ ಮುಟ್ಟಿಸಿ ಪ್ರಸಾದವೆಂದು ತಂದಿದ್ದೇನೆ ಎಂದು ಇನ್ನೊಂದು ಸುಳ್ಳು ಪೋಣಿಸಿ ಖಣ ಕೊಟ್ಟೆ. ಆಯಿ ಮಡಿಕೆ ಬಿಚ್ಚಿದರು. ಬಿಳಿ ಉಸುಕು ಉದುರಿತು. ಆಯಿ ಅದನ್ನೂ ಪ್ರಸಾದವೆಂದೇ ಚಿಟಿಕೆ ಚಿಟಿಕೆಯಾಗಿ ಎತ್ತಿಕೊಂಡು, ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿದರು.

“ಒಮ್ಮೆ ನನ್ನೂ ಕರಕೊಂಡು ಹೋಗು ತಂಗಿ. ಹೋಗಾಕ ಯಾವ ಕಾಲ ಚಲೋ?”

“ಚಳಿ ಹೋದಮ್ಯಾಲ ಚಲೋರಿ ಆಯಿ,” ಅಂದೆ. “ಆಗ ಸಮುದ್ರ ಶಾಂತ ಇರ್ತದ.”

ಶ್ರೀಶೈಲದಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಆಯಿ ನನ್ನ ಮುಖ ನೋಡಿದರು. ಸೆರಗಿನ ಗಂಟು ಬಿಚ್ಚಿ ಉಸುಕು ನೋಡಿದರು. ಇನ್ನು ಮುಚ್ಚಿಡಲು ಏನಿತ್ತು? ದ್ವೀಪ, ಗೆಳತಿಯರು, ಚಪ್ಪಲಿ, ಎಲ್ಲವನ್ನೂ ತಲೆ ತಗ್ಗಿಸಿಕೊಂಡೇ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಯಿ ಬೈಯಲಿಲ್ಲ.

“ಸಮುದ್ರ ನೋಡಾಕ ಹೊಂಟೇನಿ ಅಂದಿದ್ರ ನಾ ಬ್ಯಾಡ ಅಂತಿದ್ನೇನು?”

ಗೋಡೆ ಹಿಡಿದು ಎದ್ದರು. ಖಣವನ್ನು ಕಟ್ಟೆಯ ಮೇಲೆಯೇ ಬಿಟ್ಟು, ಖಾಲಿ ತಂಬಿಗೆ ಎತ್ತಿಕೊಂಡು ಮನೆಗೆ ಹೋದರು. ನನ್ನ ಕಾಲು ಇನ್ನೂ ಒದ್ದೆಯಾಗಿತ್ತು.