ಕಾಕ್ಸ್ ಟೌನಿನ ಮನೆಯಲ್ಲಿ ಬಟನ್ ಸದ್ದು

ಸ್ನೇಹಿತರೇ, ಅಗ್ಗದ ಲಿವರ್‌ಲೆಸ್ ಕಂಟ್ರೋಲರ್ ಹುಡುಕುತ್ತಾ ಇವತ್ತು ಮಧ್ಯಾಹ್ನ ಕಾಕ್ಸ್ ಟೌನಿನ ಒಂದು ಮನೆಗೆ ಹೋಗಿದ್ದೆ. ಫೈಟಿಂಗ್ ಗೇಮ್ ಆಡಲು ಬಳಸುವ, ಕೋಲಿಲ್ಲದೆ ಬರೀ ಬಟನ್‌ಗಳಿರುವ ಚಪ್ಪಟೆ ಪೆಟ್ಟಿಗೆ ಅದು. ಹೊಸದು ಕೊಳ್ಳುವ ಶಕ್ತಿ ನನಗಿಲ್ಲ.

ಮಾರುತ್ತಿದ್ದ ಅಕ್ಕ ಬಾಗಿಲಲ್ಲೇ ಪಿಸುಗುಟ್ಟಿದರು. "ನನ್ ತಮ್ಮಂದು. ಅವ್ನು ತೀರ್ಕೊಂಡು ಎಂಟು ತಿಂಗಳಾಯ್ತು. ಅಜ್ಜಿಗೆ ಕಣ್ಣು ಕಾಣಲ್ಲ, ನಾವು ಹೇಳಿಲ್ಲ. ಆಡುವಾಗ ಅವ್ನು ಮಾತೇ ಆಡ್ತಿರ್ಲಿಲ್ಲ. ಈ ಬಟನ್ ಸದ್ದು ಕೇಳಿದ್ರೇನೇ ಅಜ್ಜಿಗೆ ಊಟ ಸೇರೋದು. ದಿನಾ ನಾನೇ ಕುಟ್ತೀನಿ. ಇನ್ನು ನಂಗಾಗಲ್ಲ ರೀ."

"ಒಂದ್ಸಲ ಒತ್ತಿ ನೋಡ್ಲಾ?" ಎಂದು ಮೆಲ್ಲಗೆ ಕೇಳಿ, ನನಗೆ ಅಭ್ಯಾಸವಿರುವ ಹೊಡೆತಗಳನ್ನು ಒತ್ತಿದೆ. ಕೆಳಗೆ, ಮುಂದೆ, ಗುದ್ದು. ಸವೆದ ಬಟನ್‌ಗಳ ಮೇಲೆ ಬೆರಳುಗಳು ತಾವಾಗಿಯೇ ಓಡಿದವು.

ಒಳಕೋಣೆಯಲ್ಲಿ ಅಜ್ಜಿ ನಕ್ಕರು. "ಲೇ, ಇವತ್ತು ಅವನೇ ಬಂದಿದಾನೆ ಕಣೇ! ದಿನಾ ನೀನು ಕುಟ್ಟೋದು ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ? ಅವನಿಗೂ ತಟ್ಟೆ ಇಡು."

ಅಕ್ಕ ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈಗಳನ್ನು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಅಜ್ಜಿಯ ಎದುರು ಕೂತು, ದನಿ ಗುರುತು ಸಿಕ್ಕೀತೆಂದು ಮಾತಾಡದೆ ಅನ್ನ ಸಾರು ಉಂಡೆ. ಅವರು ಕೈಚಾಚಿ ನನ್ನ ತಲೆ ಸವರಿ, "ಸಣ್ಣಗಾಗಿದೀಯ" ಎಂದರು.

ಪೆಟ್ಟಿಗೆಯನ್ನು ಅಕ್ಕ ಕೊಡಲಿಲ್ಲ. ಗೇಟಿನವರೆಗೆ ಬಂದು, "ನಾಳೆನೂ ಊಟದ ಹೊತ್ತಿಗೆ ಬಂದ್ಬಿಡಿ" ಎಂದರು.

ಆ ಸದ್ದು ಇನ್ನು ಆ ಮನೆಗೇ ಇರಲಿ. ನನ್ನ ಮನೆಯಲ್ಲಿ ಆಡಲು, ಸದ್ದೇ ಮಾಡದ ಬಟನ್‌ಗಳ ಕಂಟ್ರೋಲರ್ ಎಲ್ಲಿ ಸಿಗುತ್ತದೆ ಎಂದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಬೆಲೆ ಹೆಚ್ಚಾದರೂ ಪರವಾಗಿಲ್ಲ.