ಸ್ಟೂಲ್ ಮೇಸ್ತ್ರಿಯ ಮೂರು ಬೆಳಗು

ಲೋಕದಲ್ಲಿ ಸಿಂಹಾಸನಗಳು ಹಲವಿದ್ದಾವು. ಆದರೆ ಒಂದು ಕಾಲಿನ ರಬ್ಬರ್ ಬಿರಡೆ ಕಳೆದುಹೋದ ಸ್ಟೂಲಿನ ಮೇಲೆ ಕೂತು ನಾಲ್ಕು ಬೀದಿಗಳ ಅಡುಗೆಮನೆಗಳನ್ನು ಆಳಿದವರು ನಮ್ಮ ವೈರಿಂಗ್ ಮೇಸ್ತ್ರಿ ಒಬ್ಬರೇ. ಯಾರೇ ಕರೆಯಲಿ, ಮೊದಲ ದಿನ ಅವರು ಡ್ರಿಲ್ಲಿಂಗ್ ಮೆಷಿನ್ ತರುವುದಿಲ್ಲ, ಸ್ಟೂಲ್ ತರುತ್ತಾರೆ. ಅಡುಗೆಮನೆಯ ಮೂಲೆಯಲ್ಲಿಟ್ಟು ಕೂತು, “ದಿನಾ ಮಾಡೋ ಹಾಗೇ ಮಾಡಿ, ನಾನು ನೋಡ್ತೀನಿ” ಎನ್ನುತ್ತಾರೆ. ಇಡೀ ಅಡುಗೆ ಮುಗಿಯುವವರೆಗೆ ಕಿವಿಗೆ ಸಿಕ್ಕಿಸಿದ ಪೆನ್ಸಿಲು ಕೆಳಗಿಳಿಯುವುದಿಲ್ಲ.

ಈ ತಪಸ್ಸಿನ ಬಗ್ಗೆ ಬೀದಿಯಲ್ಲಿ ಪುರಾಣವೇ ಹುಟ್ಟಿತ್ತು. ಗೋಡೆಯೊಳಗಿನ ವೈರು ಬಿಸಿಯಾಗುವುದನ್ನು ಮೂಗಿನಲ್ಲೇ ಹಿಡಿಯುತ್ತಾರಂತೆ. ಮಿಕ್ಸಿಯ ಸದ್ದು ಕೇಳಿ ಅದರ ಆಯುಸ್ಸು ಹೇಳುತ್ತಾರಂತೆ. ಬೀದಿ ಕೊನೆಯ ದರ್ಜಿ ಮಾತ್ರ, “ಪಾಪ, ಮನೇಲಿ ತಿಂಡಿ ಹಾಕಲ್ವೇನೋ” ಎನ್ನುತ್ತಿದ್ದ.

ಇಂಥ ಮಹಾನುಭಾವರ ಸ್ಟೂಲು ಒಂದು ಬುಧವಾರ ಬೆಳಿಗ್ಗೆ ಬೇಕರಿ ಅಕ್ಕನ ಮನೆ ಹೊಕ್ಕಿತು. ಹದಿನಾಲ್ಕು ವರ್ಷ ದುಡಿದ ಬೇಕರಿ ಮುಚ್ಚಿದ ಮೇಲೆ ಅಕ್ಕನಿಗೆ ಸಿಕ್ಕಿದ್ದು ಒಂದೇ ಒಂದು ಆರ್ಡರ್: ಹೊಲಿಗೆ ಕಾರ್ಖಾನೆಗೆ ದಿನಾ ಅರವತ್ತು ಡಬ್ಬಿ ತಿಂಡಿ. ಸೋಮವಾರದಿಂದ ಶುರು. ಬೆಳಿಗ್ಗೆ ಎಂಟಕ್ಕೆ ಡಬ್ಬಿಗಳು ಗೇಟಿನಲ್ಲಿರದಿದ್ದರೆ ಮಾರನೇ ದಿನದಿಂದ ಬೇರೆಯವರು ಎಂದು ಕಾರ್ಖಾನೆಯವರು ಮುಖಕ್ಕೇ ಹೇಳಿದ್ದರು. ಅಕ್ಕನ ಅಡುಗೆಮನೆಯಲ್ಲೋ ಅಜ್ಜನ ಕಾಲದ ಒಂದೇ ಲೈನು. ಓವನ್ ಹಾಕಿ ಇಂಡಕ್ಷನ್ ಒಲೆ ಮುಟ್ಟಿದರೆ ಫ್ಯೂಸ್ ಹಾರುತ್ತಿತ್ತು.

ಮೇಸ್ತ್ರಿ ಕೂತರು. ಅಕ್ಕ ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿ ಅಡುಗೆಗೆ ನಿಂತಳು. ಮೊದಲು ಓವನ್ನಿನಲ್ಲಿ ಬನ್ನು. ಅದು ಇಳಿದ ಮೇಲೆ ಇಂಡಕ್ಷನ್ ಮೇಲೆ ಸೂಪು. ಅದಾದ ಮೇಲೆ ಮಿಕ್ಸಿ. ಕೊನೆಗೆ ಕೆಟಲ್. ಒಂದು ಸದ್ದಿನ ಮೇಲೆ ಇನ್ನೊಂದು ಸದ್ದು ಬೀಳಲಿಲ್ಲ.

“ಅಕ್ಕ, ಇಂಥ ಶಿಸ್ತು ನಾನು ನೋಡೇ ಇಲ್ಲ,” ಎಂದರು ಮೇಸ್ತ್ರಿ. “ಓವನ್ನೂ ಇಂಡಕ್ಷನ್ನೂ ನೀವು ಒಟ್ಟಿಗೆ ಓಡಿಸಲ್ಲ. ಅಡುಗೆಗೆಲ್ಲ ದಪ್ಪ ವೈರಿನ ಹೊಸ ಲೈನ್ ಒಂದೇ ಸಾಕು.”

ಗಡಿಯಾರ ರಿಪೇರಿ ಮಾಡುವ ಗಂಡ ಏನೋ ಹೇಳಲು ಬಾಯಿ ತೆರೆದ. ಅಕ್ಕ ನೋಡಿದ ನೋಟಕ್ಕೆ ಮುಚ್ಚಿಕೊಂಡ.

ಶುಕ್ರವಾರದ ಹೊತ್ತಿಗೆ ಗೋಡೆ ಕೊರೆದು, ವೈರು ಎಳೆದು, ಸಿಮೆಂಟು ಮೆತ್ತಿ, ಹೊಸ ಲೈನಿಗೆ ಕರೆಂಟು ಕೊಟ್ಟಿದ್ದಾಯಿತು. ಉಳಿದದ್ದು ಸ್ವಿಚ್ ಪ್ಲೇಟುಗಳು. ಅವನ್ನು ಕೂರಿಸಲೆಂದು ಮೇಸ್ತ್ರಿ ಶನಿವಾರ ಬೆಳಿಗ್ಗೆ ಆರೂವರೆಗೆ, ಹೇಳದೆ ಕೇಳದೆ ಬಂದರು. ಒಳಗೆ ಅಕ್ಕ ಸೋಮವಾರದ ಯುದ್ಧಾಭ್ಯಾಸ ನಡೆಸಿದ್ದಳು. ಓವನ್ ಕೆಂಪಗಿತ್ತು, ಇಂಡಕ್ಷನ್ ಮೇಲೆ ಹಂಡೆಯಷ್ಟು ಪಾತ್ರೆ ಕುದಿಯುತ್ತಿತ್ತು, ಮಿಕ್ಸಿ ಚೀರುತ್ತಿತ್ತು, ಕೆಟಲ್ ಉಗುಳುತ್ತಿತ್ತು. ಇವೆಲ್ಲಕ್ಕಿಂತ ಎತ್ತರದಲ್ಲಿ, “ಕ್ಯಾರೆಟ್ ಹೆಚ್ಚು ಅಂದ್ರೆ ಕೆತ್ತನೆ ಕೆಲಸ ಮಾಡ್ತಿದ್ದೀಯಲ್ಲ” ಎಂದು ಗಂಡನನ್ನು ಬೈಯುವ ದನಿ.

ಟಪ್ ಎಂದಿತು. ಎಲ್ಲ ಒಟ್ಟಿಗೆ ನಿಂತವು.

“ಬುಧವಾರ ಹೀಗೆ ಮಾಡ್ಲಿಲ್ವಲ್ಲ ಅಕ್ಕ,” ಎಂದರು ಮೇಸ್ತ್ರಿ ಬಾಗಿಲಲ್ಲೇ ನಿಂತು.

“ಬುಧವಾರ ನೀವು ಕೂತಿದ್ರಲ್ಲ. ಹೊರಗಿನವರ ಮುಂದೆ ಹೀಗೆ ಎಗರಾಡೋಕಾಗುತ್ತಾ?”

“ಅವತ್ತು ನಂಗೂ ಬನ್ನಿ, ಹೋಗಿ ಅಂತಿದ್ಲು,” ಎಂದ ಗಂಡ. “ನಂಗೆ ಆಗಲೇ ಅನುಮಾನ ಬಂದಿತ್ತು.”

ಅಕ್ಕ ಅರ್ಧ ಬೆಂದ ಬನ್ನುಗಳನ್ನು ನೋಡುತ್ತ ನಿಂತಿದ್ದಳು. ಮೇಸ್ತ್ರಿ ಹಸಿ ಸಿಮೆಂಟಿನ ಮೇಲೆ ಕೈಯಿಟ್ಟರು. ಇಪ್ಪತ್ತೆಂಟು ವರ್ಷಗಳಲ್ಲಿ ಎಷ್ಟು ಮನೆಗಳು ತಮ್ಮೆದುರು ಹೀಗೆ ಮರ್ಯಾದೆಯಿಂದ ಅಡುಗೆ ಮಾಡಿ, ತಾವು ಹೋದ ಮೇಲೆ ನಿಜವಾಗಿ ಅಡುಗೆ ಮಾಡಿದವೋ. ಮನೆಯ ಗುಟ್ಟು ನೋಡಲೆಂದು ಕೂರುತ್ತಿದ್ದ ಆ ಸ್ಟೂಲೇ ಗುಟ್ಟನ್ನು ಓಡಿಸುತ್ತಿತ್ತು.

“ಇವತ್ತೇ ಗೋಡೆ ಒಡೀತೀನಿ.”

“ಸೋಮವಾರಕ್ಕೆ ಆಗದಿದ್ರೆ?”

“ತಪ್ಪು ನಂದು ಅಕ್ಕ, ಆಗಲೇಬೇಕು. ಈಗ ಮರ್ಯಾದೆ ಪಕ್ಕಕ್ಕಿಟ್ಟು ಹೇಳಿ. ಏಳು ಗಂಟೆಗೆ ಏನೇನು ಓಡ್ತಿರುತ್ತೆ?”

ಅಕ್ಕ ಹೇಳಿದಳು, ಪೆನ್ಸಿಲು ಗೋಡೆಯ ಮೇಲೆ ಓಡಿತು. ಓವನ್ನಿಗೆ ಅದರದ್ದೇ ಲೈನು. ಇಂಡಕ್ಷನ್ನಿಗೆ ಅದರದ್ದೇ. ಮಿಕ್ಸಿ, ಕೆಟಲ್‌ಗಳಿಗೆ ಮೂರನೆಯದು. ಫ್ರಿಜ್ಜಿಗೆ ಬೇರೆ, ಯಾವುದು ಹಾರಿದರೂ ಹಾಲು ಕೆಡದಿರಲೆಂದು.

“ಗೀಸರ್?” ಎಂದ ಗಂಡ.

“ಅದೂ ಸೇರಿ ಎಲ್ಲ ಒಟ್ಟಿಗೆ ಎಳೆದ್ರೆ ಮೇನ್ ಲೈನೇ ತಡೆಯಲ್ಲ. ನಿಮ್ಮ ಸ್ನಾನ ಐದೂವರೆಗೆ ಮುಗೀಬೇಕು ಭಾವ.”

“ಆರ್ಡರ್ ಅವಳದು, ಬೆಳಗಿನ ಚಳಿಗೆ ನಡುಕ ನಂದು.”

ಭಾನುವಾರ ಸಂಜೆಗೆ ಕೆಲಸ ಮುಗಿಯಿತು. ಸೋಮವಾರ ಆರಕ್ಕೆ ಮೇಸ್ತ್ರಿ ಮತ್ತೆ ಸ್ಟೂಲಿನೊಂದಿಗೆ ಹಾಜರು. ಈ ಸಲ ಅಡುಗೆಮನೆಗೆ ಕಾಲಿಡಲಿಲ್ಲ. ಹೊರಗೆ, ಮೇನ್ ಬೋರ್ಡಿನ ಕೆಳಗೆ, ಅಡುಗೆಮನೆಗೆ ಬೆನ್ನು ಮಾಡಿ ಕೂತರು. ಒಳಗೆ ಅಕ್ಕ ಮನಸಾರೆ ಎಗರಾಡಿದಳು. ಏಳು ಮೂವತ್ತೈದಕ್ಕೆ ಅರವತ್ತು ಡಬ್ಬಿಗಳು ಗಾಡಿ ಹತ್ತಿದವು. ಒಂದು ಲೈನೂ ಹಾರಲಿಲ್ಲ.

ಮಧ್ಯಾಹ್ನದೊಳಗೆ ಬೀದಿಯಲ್ಲಿ ಹೊಸ ಅಧ್ಯಾಯ ಸಿದ್ಧವಾಗಿತ್ತು. ಮೇಸ್ತ್ರಿಗೆ ಈಗ ಕಣ್ಣೂ ಬೇಡವಂತೆ, ಬೆನ್ನಿನಿಂದಲೇ ಕರೆಂಟಿನ ನಾಡಿ ಹಿಡಿಯುತ್ತಾರಂತೆ. ಗಡಿಯಾರದ ಗಂಡ ಕುತೂಹಲ ತಡೆಯದೆ ಕೇಳಿಯೇಬಿಟ್ಟ: “ನಿಜವಾ ಮೇಸ್ತ್ರಿ, ಅದಕ್ಕೇನಾ ಬೆನ್ನು ಮಾಡಿ ಕೂತಿದ್ದು?”

“ಇಲ್ಲ ಭಾವ. ಮತ್ತೆ ಹಾರಿದ್ರೆ ಅಕ್ಕನ ಮುಖ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ.”