ಗಾಡಿಯಿಂದ ಇಳಿದವನು

ರುವಾಹಾ ಕಾಡಿನ ಅಂಚಿನ ಪ್ರವಾಸಿಗರ ಬಿಡಾರದಲ್ಲಿ ವುಮಿಲಿಯಾ ಬಟ್ಟೆ ಒಗೆಯುವವಳು. ಸಿಂಹ ನೋಡಲು ಎಲ್ಲೆಲ್ಲಿಂದಲೋ ಬಂದವರ ಅಂಗಿಗಳನ್ನು ತೊಟ್ಟಿಯಲ್ಲಿ ಅದ್ದಿದರೆ ನೀರು ಕೆಂಪಗಾಗುತ್ತಿತ್ತು. ಅದು ಕಾಡಿನ ಮಣ್ಣು. ಆ ನೀರು ಚೆಲ್ಲುವಾಗ ಅವಳ ಕೈ ತಡೆಯುತ್ತಿತ್ತು. ಅವಳ ಗಂಡ ಕಿಹ್ವೆಲೆ ಆ ಮಣ್ಣಿನಲ್ಲೇ ಎಲ್ಲೋ ಇದ್ದ.

ಬಂದವರನ್ನು ಕಾಡು ಸುತ್ತಿಸುವ ಗಾಡಿ ಓಡಿಸುತ್ತಿದ್ದ ಅವನು. ಹತ್ತಿದವರಿಗೆಲ್ಲ ಮೊದಲು ಒಂದು ಮಾತು ಹೇಳುತ್ತಿದ್ದ: “ಏನೇ ಆಗ್ಲಿ, ಕೆಳಗೆ ಕಾಲಿಡಬೇಡಿ. ಒಳಗಿದ್ರೆ ಸಿಂಹಕ್ಕೆ ನೀವು ಗಾಡಿ, ಇಳಿದ್ರೆ ಮಾಂಸ.” ಒಂದು ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳಿನಲ್ಲಿ ಚಕ್ರ ಹೂತುಹೋಯಿತು. ವೈರ್‌ಲೆಸ್ ಕೆಟ್ಟಿತ್ತು. ಬಂದವರನ್ನು ಒಳಗೇ ಕೂರಿಸಿ, ಸಹಾಯ ತರುತ್ತೇನೆಂದು ನಡೆದುಹೋದ. ಮರುದಿನ ಗಾಡಿ ಸಿಕ್ಕಿತು, ಒಳಗಿದ್ದವರು ಕ್ಷೇಮವಾಗಿದ್ದರು. ಅವನದು ಒಂದು ಎಲುಬೂ ಸಿಗಲಿಲ್ಲ.

ಹೆಣವಿಲ್ಲದೆ ಸೂತಕದ ಚಾಪೆ ಹಾಸಲು ವುಮಿಲಿಯಾ ಬಿಡಲಿಲ್ಲ. ಚಾಪೆ ಹಾಸಿ ಹತ್ತು ಜನ ಅತ್ತರೆ ತಾನೆ ಸತ್ತವನು ಸತ್ತ ಹಾಗೆ. ಮಳೆಗಾಲಗಳು ಕಳೆದವು. ಸಂಜೆ ಗಾಡಿಗಳು ಹಿಂತಿರುಗುವ ಸದ್ದಿಗೆ ಎದ್ದು ನಿಂತು ಚಾಲಕರ ಮುಖ ನೋಡುತ್ತಿದ್ದಳು. ಮನೆಯಲ್ಲಿ ಅವನ ಪಾಲಿನ ಜೋಳದ ಮುದ್ದೆ ಮುಚ್ಚಿಡುತ್ತಿದ್ದಳು. ಕೆಲವು ದಿನ ಬೆಳಗ್ಗೆ ಮುಚ್ಚಳ ಸರಿದಿರುತ್ತಿತ್ತು. ಬೆಕ್ಕಿರಬೇಕು ಅಂದರು ನೆರೆಯವರು. ಆ ಕೇರಿಯಲ್ಲಿ ಯಾರೂ ಬೆಕ್ಕು ಸಾಕಿರಲಿಲ್ಲ.

ಬಂದವರು ಅಕ್ಕರೆಯಿಂದ ಫೋಟೋ ತೋರಿಸುತ್ತಿದ್ದರು, ನೆರಳಿನಲ್ಲಿ ಹೊಟ್ಟೆ ಬಿರಿಯುವಂತೆ ತಿಂದು ಮಲಗಿದ ಸಿಂಹ. ಯಾರನ್ನು ತಿಂದು ತುಂಬಿದ ಹೊಟ್ಟೆಯೋ ಇದು ಎಂದುಕೊಂಡು ಅವಳು ಸೋಪಿನ ಕೈ ಒರೆಸಿಕೊಂಡು ನಗುತ್ತಿದ್ದಳು.

ಮಳೆ ಹಿಡಿದು ಬಿಡಾರ ಮುಚ್ಚಿದಾಗ ಒಂದು ಮಧ್ಯಾಹ್ನ ಅವಳ ಮನೆಗೆ ಗಾಮಾ ಬಂದ. ಅವನೂ ಗಾಡಿ ಓಡಿಸುವವನೇ, ಅಂಗೋನಿ ಕುಲದವನು. ಅವರ ಅಜ್ಜಂದಿರಿಗೂ ಕಿಹ್ವೆಲೆಯ ಹೆಹೆ ಕುಲದ ಅಜ್ಜಂದಿರಿಗೂ ಯುದ್ಧವಾಗಿ, ಆ ಹಗೆ ಸವೆದು ಈಗ ಒಬ್ಬರನ್ನೊಬ್ಬರು ಗೇಲಿ ಮಾಡುವ ನಂಟಾಗಿದೆ. ಸಾವಿನ ಮನೆಯಲ್ಲಿ ಗೇಲಿಯ ನಂಟ ಸತ್ತವನ ಬಟ್ಟೆ ತೊಟ್ಟು, ಅವನಂತೆಯೇ ನಡೆದು ನುಡಿದು, ಅಳುವವರನ್ನು ನಗಿಸಬೇಕು. ಆಮೇಲೆ ಆ ಬಟ್ಟೆ ಅವನಿಗೇ.

“ಅತ್ತಿಗೆ, ನನ್ನ ಅಂಗಿ ಕೊಡು.”

“ನಿನ್ನದ್ಯಾವ ಅಂಗಿ?”

“ನಿನ್ನ ಗಂಡಂದು. ನಮ್ಮಜ್ಜನ ಈಟಿ ಕಂಡು ಓಡಿದ ಜನ ನೀವು, ಈಗ ಒಂದು ಅಂಗಿ ಹಿಡ್ಕೊಂಡು ಓಡ್ತೀಯಾ?”

ನೆರೆಯ ಹೆಂಗಸರು ಬಾಗಿಲಿಗೆ ಬಂದರು. ವುಮಿಲಿಯಾ, “ಕೊಟ್ಬಿಟ್ರೆ ಅವನು ಬಂದಾಗ ಏನು ಹಾಕ್ಕೋತಾನೆ?” ಎಂದಳು.

“ಬಂದ್ರೆ ಬೆತ್ತಲೆ ತಿರುಗ್ಲಿ, ಊರೆಲ್ಲ ನಗ್ಲಿ. ನೀನೂ ನಕ್ಕು ಎಷ್ಟು ಕಾಲ ಆಯ್ತು?” ಗಾಮಾನ ದನಿ ತಗ್ಗಿತು. “ಅಳಿಸೋದಕ್ಕೆ ಬಂದಿಲ್ಲ ಅತ್ತಿಗೆ. ಅವನನ್ನ ಹೀಗೆ ಬಾಗಿಲ ಹೊರಗೆ ನಿಲ್ಲಿಸಿಟ್ಟಿದೀಯಲ್ಲ, ಕಾಲು ನೋಯಲ್ವಾ ಅವನಿಗೆ?”

ಅವಳು ಕಾಡಿನ ದಾರಿಯ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಅಂಗಿ ತಂದು ಕೊಟ್ಟಳು.

ಗಾಮಾ ಅದನ್ನು ತೊಟ್ಟು ಅಂಗಳದ ಆಚೆಯಿಂದ ನಡೆದು ಬಂದ. ಕಿಹ್ವೆಲೆಯ ಹಾಗೆಯೇ ಎಡಭುಜ ತುಸು ವಾಲಿತ್ತು. ಹೊಸಿಲಲ್ಲಿ ಎರಡು ಸಲ ಕೆಮ್ಮಿ, “ಹಸಿವು. ಇವತ್ತೂ ಸೊಪ್ಪೇನಾ?” ಎಂದು ಗೊಣಗಿದ. ಹೆಂಗಸರು ನಕ್ಕರು. ಆ ಗೊಣಗು ಕಿಹ್ವೆಲೆಯದೇ.

ವುಮಿಲಿಯಾ ನಗಲಿಲ್ಲ. ಎದುರಿಗೆ ಹೋಗಿ ನಿಂತಳು. “ಬಂದೋರಿಗೆಲ್ಲ ಇಳೀಬೇಡಿ ಇಳೀಬೇಡಿ ಅಂತಿದ್ದೆ. ನೀನ್ಯಾಕೆ ಇಳಿದೆ?”

ಗೇಲಿಯ ನಂಟನಿಗೆ ಮಾತು ಸೋಲಬಾರದು. ಗಾಮಾ ಅದೇ ಗೊಣಗಿನಲ್ಲಿ, “ಬಿಡಾರ ಹತ್ತಿರಾನೇ ಇದೆ ಅಂದ್ಕೊಂಡೆ ಕಣೇ” ಎಂದ.

ಅವಳು ನೆಲಕ್ಕೆ ಕೂತು ಬಾಯಿ ತೆರೆದು ಅತ್ತಳು. ಹೆಂಗಸರು ಚಾಪೆ ತಂದು ಹಾಸಿ ಸುತ್ತ ಕೂತರು.

ಹೊರಡುವಾಗಲೂ ಗಾಮಾ ಅಂಗಿ ಕಳಚಲಿಲ್ಲ, ಅದು ಪದ್ಧತಿ. ಕೆಸರಿನ ದಾರಿ ಹಿಡಿದು ಕಾಡಿನ ಕಡೆಗೆ ನಡೆದ. ಆಟ ಮುಗಿದಿತ್ತು, ಆದರೂ ಎಡಭುಜ ವಾಲಿಯೇ ಇತ್ತು. ತಿರುವಿನಲ್ಲಿ ಅವನು ಒಮ್ಮೆ ನಿಂತ. ಚಾಪೆಯ ಮೇಲಿಂದ ವುಮಿಲಿಯಾ ಅದನ್ನು ನೋಡಿದಳು. ಕರೆಯಲಿಲ್ಲ.